ಎಂಜಿನ್ನು ಬೇರೆ, ಪೆಡಲು ಹಳೇದು: ಮಲೆನಾಡಿನ ಜೀಪು ಡ್ರೈವರುಗಳ ಎಡಗಾಲಿನ ಪಾಡು

ಮೂಡಿಗೆರೆ, ಕಳಸ, ಕೊಪ್ಪದ ಕಡೆ ಹಳೇ ಜೀಪು ಓಡಿಸುವವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಕೂತಲ್ಲಿಂದ ಏಳುವಾಗ ಎಡ ಮೊಣಕಾಲಿಗೆ ಕೈ ಊರಿಕೊಂಡೇ ಏಳುತ್ತಾರೆ. ವಯಸ್ಸಿನ ದೋಷ ಎಂದು ಮಾಲೀಕರು ನಗುತ್ತಾರೆ. ದೋಷ ವಯಸ್ಸಿನದಲ್ಲ, ಕ್ಲಚ್ಚಿನದು. ಮಾಲೀಕರು ಕೂರುವುದು ಎಡಗಡೆ ಸೀಟಿನಲ್ಲಿ. ಅಲ್ಲಿ ಪೆಡಲು ಇಲ್ಲ.

ಕಥೆ ಹಳೆಯದು. ವಿಲ್ಲಿಸ್ ಪರವಾನಗಿಯಲ್ಲಿ ಮಹೀಂದ್ರ ಕಂಪನಿ ತಯಾರಿಸುತ್ತಿದ್ದ ಪೆಟ್ರೋಲ್ ಜೀಪಿಗೆ ಇದ್ದದ್ದು ಹರಿಕೇನ್ ಎಂಬ ನಾಲ್ಕು ಸಿಲಿಂಡರಿನ, ಸುಮಾರು 2.2 ಲೀಟರಿನ ಎಂಜಿನ್ನು. ಗುಡ್ಡ ಹತ್ತುವುದರಲ್ಲಿ ಗಟ್ಟಿಗ, ಪೆಟ್ರೋಲ್ ಕುಡಿಯುವುದರಲ್ಲೂ ಅಷ್ಟೇ ಗಟ್ಟಿಗ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದ ಮೇಲೆ ತೋಟದವರಿಗೆ ಅದು ತಡೆಯಲಿಲ್ಲ. ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸುವ ಕಸುಬು ಗ್ಯಾರೇಜುಗಳಲ್ಲಿ ಬೆಳೆಯಿತು. ಗುಜರಿಯಲ್ಲಿ ಸಿಕ್ಕಿದ ಮ್ಯಾಟಡಾರ್ ಎಂಜಿನ್ನೋ, ಟ್ರ್ಯಾಕ್ಟರ್ ಜಾತಿಯ ಎಂಜಿನ್ನೋ, ಫೌಂಡೇಶನ್ನಿಗೆ ಒಂದು ಕಬ್ಬಿಣದ ತುಂಡು ವೆಲ್ಡಿಂಗ್ ಮಾಡಿ ಕೂರಿಸಿದರೆ ಗಾಡಿ ಓಡಿತು. ಓಡಿತು ಎನ್ನುವುದೇ ಎಲ್ಲರಿಗೂ ಸಾಕಾಯಿತು.

ಹೊಸ ಎಂಜಿನ್ನು ಒಂಟಿಯಾಗಿ ಬರುವುದಿಲ್ಲ. ಅದರದೇ ಫ್ಲೈವೀಲು, ಅದರದೇ ಪ್ರೆಶರ್ ಪ್ಲೇಟು ಜೊತೆಗೆ ಬರುತ್ತದೆ. ಆ ಪ್ಲೇಟಿನ ಸ್ಪ್ರಿಂಗುಗಳ ಬಿಗಿ ಬೇರೊಂದು ಗಾಡಿಯ ಪೆಡಲಿಗೆ, ಬೇರೊಂದು ಲಿವರಿಗೆ ಲೆಕ್ಕ ಹಾಕಿದ್ದು. ಇತ್ತ ಜೀಪಿನ ಪೆಡಲು, ರಾಡು ಎಲ್ಲಾ ಹಳೇ ಪೆಟ್ರೋಲ್ ಎಂಜಿನ್ನಿನ ಕಾಲದ್ದು. ಎತ್ತು ಬದಲಾಯಿಸಿ ನೊಗ ಹಾಗೇ ಬಿಟ್ಟ ಹಾಗಾಯಿತು. ಕಷ್ಟ ಬಿದ್ದದ್ದು ಡ್ರೈವರಿನ ತೊಡೆಯ ಮೇಲೆ.

ಬರೀ ಕಾಲುನೋವಿನ ಮಾತಾಗಿದ್ದರೆ ಈ ಅಂಕಣದಲ್ಲಿ ಇಷ್ಟು ಜಾಗ ಬೇಕಿರಲಿಲ್ಲ. ಕ್ಲಚ್ಚು ಒತ್ತಲು ಬೇಸರವಾದ ಡ್ರೈವರು ಗೇರು ಬದಲಾಯಿಸುವುದನ್ನೇ ತಪ್ಪಿಸುತ್ತಾನೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಎಳೆದು ಬಿಡುತ್ತಾನೆ. ಆಗ ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಬ್ರೇಕು ಕಾದು ಸೋತರೆ ಹಿಂದೆ ಕೂತ ಕೂಲಿಯಾಳುಗಳ ಗತಿ ಏನು? ಏರಿನಲ್ಲಿ ಇನ್ನೊಂದು ಬಗೆ: ಪೂರ್ತಿ ಬಿಟ್ಟು ಮತ್ತೆ ಒತ್ತುವ ಗೋಜು ಬೇಡ ಅಂತ ಅರ್ಧ ಕ್ಲಚ್ಚಿನಲ್ಲೇ ಕಾಲಿಟ್ಟು ಹತ್ತುತ್ತಾನೆ, ಪ್ಲೇಟು ಸುಟ್ಟ ವಾಸನೆ ಹಿಂದಿನ ಗಾಡಿಯವರ ಮೂಗಿಗೂ ಬಡಿಯುತ್ತದೆ.

ಹಾಗಾದರೆ ಮದ್ದೇನು? "ಗೇರ್‌ಬಾಕ್ಸ್ ಇಳಿಸ್ಬೇಕು ಗೌಡ್ರೆ" ಎನ್ನುವುದು ಅರೆಬರೆ ಮೇಸ್ತ್ರಿಯ ಮೊದಲ ಮಾತು. ಗೇರ್‌ಬಾಕ್ಸ್ ಇಳಿಸಿದರೆ ಒಂದು ದಿನದ ಮಜೂರಿ ಖಾತ್ರಿ. ಕಸುಬು ಬಲ್ಲವನು ಮೊದಲು ಇಳಿಸುವುದಿಲ್ಲ, ಗಾಡಿ ಕೆಳಗೆ ತೂರಿ ಫೋರ್ಕಿನ ಹತ್ತಿರ ರಾಡಿನ ಪಿನ್ನು ಕಳಚುತ್ತಾನೆ. ಆಮೇಲೆ ಮೇಲಿಂದ ಪೆಡಲು ಒತ್ತಿ ನೋಡುವುದು. ಫೋರ್ಕಿನ ಸಂಬಂಧವೇ ಇಲ್ಲದಾಗಲೂ ಪೆಡಲು ಬಿಗಿಯಾಗಿದ್ದರೆ ರೋಗ ಮೇಲಿನ ಕಡೆ ಇದೆ, ಗೇರ್‌ಬಾಕ್ಸಿನ ತಂಟೆಗೆ ಹೋಗುವುದೇ ಬೇಡ. ಪೆಡಲು ಗಾಳಿಯಂತೆ ಹಗುರವಾದರೆ ಫೋರ್ಕನ್ನು ಕೈಯಲ್ಲಿ ಆಡಿಸಿ ನೋಡಬೇಕು. ಬೇರಿಂಗಿಗೆ ತಾಗುವ ಮುಂಚಿನ ಸ್ವಲ್ಪ ದೂರವಾದರೂ ಅದು ಸಲೀಸಾಗಿ ಆಡಬೇಕು. ಅಲ್ಲೇ ಕಚ್ಚಿದರೆ ರಿಲೀಸ್ ಬೇರಿಂಗ್ ಜಾರುವ ಕೊಳವೆ ಒಣಗಿದೆ, ಇಲ್ಲವೇ ಫೋರ್ಕಿನ ತಿರುಗಣಿ ಸವೆದಿದೆ. ತಾಗಿದ ಮೇಲೆ ಮಾತ್ರ ಕಲ್ಲಾದರೆ ಆಗ ಪ್ರೆಶರ್ ಪ್ಲೇಟಿನ ಮಾತು. ಹತ್ತು ನಿಮಿಷದ ಪರೀಕ್ಷೆ. ಇದನ್ನು ಮಾಡದೆ ಗೇರ್‌ಬಾಕ್ಸಿಗೆ ಜಾಕ್ ಕೊಡುವವನ ಕೈಗೆ ಗಾಡಿ ಕೊಡಬಾರದು.

ಜೀಪಿಗೆ ತನ್ನದೇ ಒಂದು ಕಾಯಿಲೆಯೂ ಉಂಟು. ಪೆಡಲಿನಿಂದ ಫೋರ್ಕಿಗೆ ಬಲ ಸಾಗಿಸುವ ಅಡ್ಡ ಕೊಳವೆಯ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಎಂಜಿನ್ ಕಡೆಯ ಬೆಲ್‌ಹೌಸಿಂಗಿಗೆ ಕೂತಿರುತ್ತದೆ. ಚಾಸಿ ನಿಂತಲ್ಲೇ ನಿಂತಿರುತ್ತದೆ, ಡೀಸೆಲ್ ಎಂಜಿನ್ನು ಮಾತ್ರ ನಡುಗುತ್ತಲೇ ಇರುತ್ತದೆ. ಫೌಂಡೇಶನ್ ರಬ್ಬರು ಕುಸಿದಿದ್ದರಂತೂ ಕೊಳವೆ ಸೊಟ್ಟಗೆ ಕೂತು, ಎರಡು ತುದಿಯ ಗುಂಡುಗಳು ಸವೆದು ಕಚ್ಚಿಕೊಳ್ಳುತ್ತವೆ. ಎಂಜಿನ್ ಒಂದಿಂಚು ಹಿಂದೆಮುಂದೆ ಕೂತಿದ್ದರೂ ಅಷ್ಟೆ. ಪೆಡಲು ಅರ್ಧ ಒತ್ತಿದಾಗ ರಾಡೂ ಲಿವರೂ ಹೆಚ್ಚುಕಡಿಮೆ ಕಾಟಕೋನದಲ್ಲಿ ಇರಬೇಕು. ಓರೆಯಾದಷ್ಟೂ ಕಾಲಿನ ಬಲ ಪೋಲು. ರಬ್ಬರು, ಬುಷ್ಷು, ಅಂಡಾಕಾರಕ್ಕೆ ಹಿಗ್ಗಿದ ತೂತಿಗೆ ಹೊಸ ಪಿನ್ನು, ಒಂದಿಷ್ಟು ಗ್ರೀಸು, ಇಷ್ಟರಲ್ಲೇ ಎಷ್ಟೋ ಗಾಡಿಗಳ ಪೆಡಲು ಇಳಿದುಬಿಡುತ್ತದೆ. ಕೇಬಲ್ ಹಾಕಿದ ಗಾಡಿಯಾದರೆ ಅದು ಸೈಲೆನ್ಸರ್ ಪೈಪಿನ ಪಕ್ಕ ಬೇಯುತ್ತಿದೆಯೋ, ಚೂಪಾಗಿ ಬಗ್ಗಿದೆಯೋ ನೋಡಬೇಕು. ಒಳಗಿನ ಎಳೆ ಒಂದೊಂದೇ ಕಿತ್ತಿದ್ದರೆ ಪೆಡಲು ಬಿಗಿಯಾಗಿ ಮುನ್ಸೂಚನೆ ಕೊಡುತ್ತದೆ. ಕೇಳದಿದ್ದರೆ ತಿರುವಿನಲ್ಲೇ ತುಂಡಾಗುತ್ತದೆ.

ಇಷ್ಟಾದರೂ ಜಗ್ಗದಿದ್ದರೆ ಲಿವರಿನ ಲೆಕ್ಕ. ಅಡ್ಡ ಕೊಳವೆಯಲ್ಲಿ ಪೆಡಲ್ ಕಡೆಯ ತೋಳು ಉದ್ದ ಮಾಡಿದರೆ ಹಗುರವಾಗುತ್ತದೆ. ಇದು ಲೇತಿನವರಿಗೆ ಗೊತ್ತಿರುವ ಉಪಾಯ. ಆದರೆ ಪುಕ್ಕಟೆ ಏನೂ ಇಲ್ಲ. ಹಗುರವಾದಷ್ಟೂ ಪೆಡಲು ದೂರ ಹೋಗಬೇಕು, ನೆಲದ ತಗಡು ಅಡ್ಡ ಬರುತ್ತದೆ. ಕೆಲವರು ಹೈಡ್ರಾಲಿಕ್ ಮಾಡಿಸುತ್ತಾರೆ, ಅಲ್ಲೂ ಅದೇ ನ್ಯಾಯ. ಮುಕ್ಕಾಲು ಇಂಚಿನ ಮಾಸ್ಟರ್ ಸಿಲಿಂಡರ್ ತೆಗೆದು ಐದು-ಎಂಟಾಂಶ ಇಂಚಿನದು ಹಾಕಿದರೆ ಕಾಲಿನ ಭಾರ ನೂರಕ್ಕೆ ಸುಮಾರು 30ರಷ್ಟು ಇಳಿಯುತ್ತದೆ, ಫೋರ್ಕು ಸರಿಯುವ ದೂರವೂ ಅಷ್ಟೇ ಇಳಿಯುತ್ತದೆ. ಆಮೇಲೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಅನ್ನುತ್ತದೆ. ಕೆಲಸ ಮುಗಿದ ಮೇಲೆ ಎಂಜಿನ್ ಸ್ಟಾರ್ಟಿನಲ್ಲಿಟ್ಟು, ಪೆಡಲು ಒತ್ತಿ ನಾಲ್ಕೆಣಿಸಿ, ರಿವರ್ಸ್ ಹಾಕಿ ನೋಡಿ. ಸದ್ದಿಲ್ಲದೆ ಬಿದ್ದರೆ ಸರಿ. ಕರಕರ ಅಂದರೆ ದುಡ್ಡು ಕೊಡಬೇಡಿ.

ಗುಂಡು ಸ್ಪ್ರಿಂಗಿನ ಹಳೇ ಪ್ರೆಶರ್ ಪ್ಲೇಟಿನ ಬದಲು, ಅದೇ ಫ್ಲೈವೀಲಿಗೆ ಕೂರುವಂಥ ಡಯಾಫ್ರಮ್ ನಮೂನೆಯದು ಸಿಕ್ಕರೆ ಅದೇ ಒಳ್ಳೆಯದು. ಹಳೇದು ಒತ್ತಿದಷ್ಟೂ ಬಿಗಿಯಾಗುತ್ತದೆ, ಇದು ಕೊನೆಯಲ್ಲಿ ಸಡಿಲ ಕೊಡುತ್ತದೆ. ಬೇರಿಂಗೂ ಅದಕ್ಕೆ ಹೊಂದುವಂಥದ್ದೇ ಇರಬೇಕು. ಒಂದು ಮಾತು: ಡಯಾಫ್ರಮ್ ಹಾಕಿದ ಗಾಡಿಯಲ್ಲಿ ಕ್ಲಚ್ ಪ್ಲೇಟು ಸವೆದಂತೆ ಪೆಡಲು ಮತ್ತೆ ಬಿಗಿಯಾಗುತ್ತಾ ಬರುತ್ತದೆ. ಆಗ ಸ್ಪ್ರಿಂಗಿಗೆ ಬೈಯದೆ ಪ್ಲೇಟು ಬದಲಾಯಿಸಬೇಕು.

ಬಿಗಿ ಪೆಡಲಿನಿಂದ ಎಂಜಿನ್ನಿಗೂ ಏಟು. ಪ್ರತಿ ಸಲ ಒತ್ತಿದಾಗ ಕ್ರ್ಯಾಂಕು ಮುಂದಕ್ಕೆ ತಳ್ಳಲ್ಪಟ್ಟು ಥ್ರಸ್ಟ್ ವಾಷರು ಸವೆಯುತ್ತದೆ. "ಗಾಡಿ ಓಡ್ತದಲ್ಲ ಮಾರಾಯ, ಇನ್ನೇನು" ಅನ್ನುವ ಮಾಲೀಕರಿಗೆ ಡ್ರೈವರಿನ ಮೊಣಕಾಲು ಕಾಣದಿದ್ದರೆ, ಕ್ರ್ಯಾಂಕಿನ ಖರ್ಚಾದರೂ ಕಂಡೀತು.

ಕಾಗದಪತ್ರದ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಯನ್ನು ಇಷ್ಟ ಬಂದಂತೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ಸ್ವರೂಪ ಬದಲಾಯಿಸುವುದರ ವಿರುದ್ಧ ಖಡಕ್ಕಾಗಿ ಹೇಳಿತು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ಟಿನಡಿ ಡೀಸೆಲ್ ಎಂಬಂಥ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಪರಿಹಾರಕ್ಕೆ ತಕರಾರು ಬರುವುದು ಇಲ್ಲಿಂದಲೇ. ಆ ತಕರಾರಿನಲ್ಲಿ ಸ್ಟೇಷನ್ನಿಗೆ ಮೊದಲು ಕರೆಸಿಕೊಳ್ಳುವುದು ಡ್ರೈವರನ್ನೇ.

ಇವತ್ತು ಕುದುರೆಮುಖ ಹತ್ತಲು ಬರುವ ಚಾರಣಿಗರು ಮುಳ್ಳೋಡಿಯವರೆಗೆ ಜೀಪನ್ನೇ ಹಿಡಿಯುತ್ತಾರೆ. ಕಲ್ಲುಗುಂಡಿಯ ಏರು, ಅರ್ಧ ಕ್ಲಚ್ಚಿಗೆ ಹೇಳಿ ಮಾಡಿಸಿದ ದಾರಿ. ಜೂನ್ ತಿಂಗಳ ಮಳೆ ಹಿಡಿದು ದಾರಿ ಕೆಸರಾಗುವ ಮುಂಚೆ ಪೆಡಲಿನ ಸಡಿಲ ಸುಮಾರು ಒಂದಿಂಚು ಇದೆಯೋ ನೋಡಿಕೊಂಡು, ಪಿನ್ನುಗಳಿಗೆ ಗ್ರೀಸು ಹಾಕಿಸಿ, ಕೇಬಲಿನ ಗಾಡಿಯಾದರೆ ಸೀಟಿನಡಿ ಇನ್ನೊಂದು ಕೇಬಲ್ ಇಟ್ಟುಕೊಂಡರೆ ಆಯಿತು. ಅದರ ದುಡ್ಡು ಡ್ರೈವರಿನ ಭತ್ಯೆಯಲ್ಲಿ ಮುರಿಯದಿದ್ದರೆ ಸಾಕು.