ಚಿನ್ನದ ಗಣಿಗೆ ಬಂದ ನ್ಯೂಟ್ರಿನೊ

1965ರ ಆಗಸ್ಟ್ 15ರಂದು ‘ಫಿಸಿಕ್ಸ್ ಲೆಟರ್ಸ್’ ನಿಯತಕಾಲಿಕದಲ್ಲಿ ಒಂದು ಪುಟ್ಟ ಪ್ರಬಂಧ ಅಚ್ಚಾಯಿತು. ಬರೆದವರು ಹನ್ನೊಂದು ಮಂದಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯ, ಹೀಗೆ ಮೂರು ದೇಶದವರು. ಕೆಲಸ ನಡೆದದ್ದು ಮಾತ್ರ ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, ನೆಲದಿಂದ 2.3 ಕಿ.ಮೀ. ಕೆಳಗೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿದೆ ಎಂದು ಜಗತ್ತಿನಲ್ಲಿ ಮೊದಲು ಪ್ರಕಟಿಸಿದ್ದು ಆ ಪ್ರಬಂಧ.

ಅಷ್ಟು ಆಳಕ್ಕೆ ಇಳಿಯುವ ಉಸಾಬರಿ ಯಾಕೆ? ಆಕಾಶದಿಂದ ಮ್ಯುಯಾನ್ ಎಂಬ ಕಣಗಳು ಹಗಲಿರುಳು ಸುರಿಯುತ್ತಿರುತ್ತವೆ. ಚಾಚಿದ ಅಂಗೈಯ ಮೂಲಕ ಸೆಕೆಂಡಿಗೆ ಸುಮಾರು ಒಂದು ಹಾದುಹೋಗುತ್ತದೆ. ಈ ಗದ್ದಲದಲ್ಲಿ ನ್ಯೂಟ್ರಿನೊವನ್ನು ಗುರುತಿಸುವುದು ಸಂತೆಯಲ್ಲಿ ಪಿಸುಮಾತು ಆಲಿಸಿದಂತೆ. ಬಂಡೆಯ ಅಡಿಗೆ ಹೋದರೆ ಮ್ಯುಯಾನ್‌ಗಳು ದಾರಿಯಲ್ಲೇ ಸೋತು ನಿಲ್ಲುತ್ತವೆ, ನ್ಯೂಟ್ರಿನೊಗಳು ಮಾತ್ರ ದಾಟಿ ಬರುತ್ತವೆ. ಕೋಲಾರದ ಬಂಡೆಯೋ ಸಾಮಾನ್ಯ ಬಂಡೆಗಿಂತ ಭಾರ. ಅಲ್ಲಿನ 2.3 ಕಿ.ಮೀ. ಆಳ ಸುಮಾರು ಏಳು ಕಿ.ಮೀ. ನೀರಿನ ಅಡಿ ಕೂತದ್ದಕ್ಕೆ ಸಮ.

ಗಣಿಯ ಈ ಆಳವನ್ನು ಮೊದಲು ಬಳಸಿಕೊಂಡವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. 1951ರಲ್ಲಿ ಹೋಮಿ ಭಾಭಾ ಸೂಚನೆಯಂತೆ ಉಪಕರಣ ಹೊತ್ತು ಗಣಿಗೆ ಬಂದ ಅವರು ಬೇರೆ ಬೇರೆ ಆಳದಲ್ಲಿ ಮ್ಯುಯಾನ್ ಎಣಿಸಿದರು. ಮುಂದೆ ಅವರೇ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಒಸಾಕಾದ ಮಿಯಾಕೆ ಜತೆ ಟಾಟಾ ಸಂಸ್ಥೆಯ ನರಸಿಂಹಂ, ರಮಣಮೂರ್ತಿ 1960ರ ದಶಕದ ಆರಂಭದಲ್ಲಿ ಇನ್ನೂ ಕೆಳಗೆ, 2.7 ಕಿ.ಮೀ. ದಾಟಿ ಇಳಿದರು. ಅಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯುಯಾನೂ ದಾಖಲಾಗಲಿಲ್ಲ. ಬೇರೆಯವರಿಗಾದರೆ ಇದು ವಿಫಲ ಪ್ರಯೋಗ. ಇವರಿಗೆ ಅದೇ ಬೇಕಾಗಿತ್ತು. ಇಷ್ಟು ನಿಶ್ಶಬ್ದವಿರುವಲ್ಲಿ ಏನಾದರೂ ಕಂಡರೆ, ಅದರಲ್ಲೂ ಅಡ್ಡಡ್ಡಲಾಗಿ ಬಂದರೆ, ಅದು ಸುತ್ತಲ ಬಂಡೆಗೆ ನ್ಯೂಟ್ರಿನೊ ಬಡಿದು ಹುಟ್ಟಿದ ಮ್ಯುಯಾನೇ ಆಗಬೇಕು. ಮಂಗಳೂರಿನಲ್ಲಿ ಹುಟ್ಟಿದ, ಟಾಟಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ಡರಂನ ವುಲ್ಫೆಂಡೇಲ್ ತಂಡಗಳು ಸೇರಿಕೊಂಡವು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಗೋಡೆಗಳು, ನಡುವೆ ಕಣದ ಜಾಡು ತೋರುವ ನಿಯಾನ್ ನಳಿಗೆಗಳು ಸಿದ್ಧವಾದವು.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡ ಇದನ್ನೇ ಹುಡುಕುತ್ತಿತ್ತು. ಅವರಿಗೆ ಮೊದಲ ಘಟನೆ ಕಂಡದ್ದು 1965ರ ಫೆಬ್ರವರಿಯಲ್ಲಿ, ಕೋಲಾರದಲ್ಲಿ ಮಾರ್ಚ್ ಕೊನೆಗೆ. ಆದರೆ ಪ್ರಕಟಣೆಯಲ್ಲಿ ಕೋಲಾರ ಎರಡು ವಾರ ಮುಂದಿತ್ತು. ಯಾರು ಮೊದಲು ಎಂದು ಕಿತ್ತಾಡುವುದು ನನಗೆ ಅಷ್ಟೇನೂ ರುಚಿಸುವುದಿಲ್ಲ. ಎರಡೂ ಕಡೆ ವಿಜ್ಞಾನವನ್ನು ಸಾಕಿದ್ದು ಚಿನ್ನ ಎಂಬುದೇ ನನಗೆ ದೊಡ್ಡ ಸಂಗತಿ.

ಯಾಕೆಂದರೆ ಆ ಗುಂಡಿಯನ್ನು ವಿಜ್ಞಾನಿಗಳು ತೋಡಲಿಲ್ಲ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಕಾಲದಿಂದ ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು ತಲೆಮಾರುಗಳ ಕಾಲ ತೋಡಿದ್ದು. ಆಳಕ್ಕಿಳಿದಂತೆ ಬಂಡೆಯೇ ಬಿಸಿ; ಯಾವ ಗಳಿಗೆಯಲ್ಲಾದರೂ ಬಂಡೆ ಸಿಡಿದು ಸುರಂಗ ಕುಸಿಯಬಹುದು. ಉಪಕರಣಗಳೆಲ್ಲ ಇಳಿದದ್ದು ಗಣಿಯ ಕೇಜಿನಲ್ಲೇ. ಕೆಳಗೆ ಗಾಳಿ ತಳ್ಳಿದ್ದು, ನೀರು ಎತ್ತಿದ್ದು, ಆಧಾರ ಕೊಟ್ಟು ನಿಲ್ಲಿಸಿದ್ದು ಗಣಿ. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಪ್ರಕಟಿಸಿದ ಪ್ರಬಂಧಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರು. ಅಷ್ಟು ಧಾರಾಳತನ 1965ರಲ್ಲಿ ಇದ್ದಿದ್ದರೆ ಚಾಂಪಿಯನ್ ರೀಫಿನ ಒಂದು ಪಾಳಿಯ ಹಾಜರಿ ಪುಸ್ತಕವನ್ನೇ ಸೇರಿಸಬಹುದಿತ್ತು.

1980ರಲ್ಲಿ ಅಲ್ಲೇ ಪ್ರೋಟಾನ್ ಸಾಯುತ್ತದೆಯೇ ಎಂದು ನೋಡುವ ಪ್ರಯೋಗ ಶುರುವಾಯಿತು. 140 ಟನ್ ತೂಕದ ಪತ್ತೆಯಂತ್ರವನ್ನು ಬಿಡಿಬಿಡಿಯಾಗಿ ಇಳಿಸಿ ಕೆಳಗೆ ಜೋಡಿಸಿದರು. ಅನುಮಾನಾಸ್ಪದ ಘಟನೆಗಳು ಕೆಲವು ಕಂಡವು. ಬೇರೆಡೆಯ ಹೆಚ್ಚು ದೊಡ್ಡ ಯಂತ್ರಗಳು ಅವನ್ನು ಎತ್ತಿಹಿಡಿಯಲಿಲ್ಲ. ಚಿನ್ನ ಗಿಟ್ಟದಂತಾದಾಗ ಗಣಿ ಸೊರಗಿತು, ಪ್ರಯೋಗಗಳೂ ನಿಂತವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು.

ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಗೂ ಇದೇ ಗತಿಯಾಗಿತ್ತು. 2002ರಲ್ಲಿ ಮುಚ್ಚಿ, ನೀರು ತುಂಬಿ, ಆಮೇಲೆ ಆ ನೀರನ್ನು ಪಂಪು ಹಾಕಿ ತೆಗೆದರು. ಅಲ್ಲೀಗ 1.5 ಕಿ.ಮೀ. ಆಳದಲ್ಲಿ ‘ಡ್ಯೂನ್’ ಎಂಬ ಬೃಹತ್ ನ್ಯೂಟ್ರಿನೊ ಪ್ರಯೋಗ ಸಿದ್ಧವಾಗುತ್ತಿದೆ. ಭಾರತದ ಸಂಸ್ಥೆಗಳೂ ಪಾಲುದಾರರು. ನಾವಾದರೋ ನ್ಯೂಟ್ರಿನೊ ಪ್ರಯೋಗಾಲಯಕ್ಕೆಂದು ತಮಿಳುನಾಡಿನ ತೇನಿಯಲ್ಲಿ ಹೊಸದಾಗಿ ಬೆಟ್ಟ ಕೊರೆಯಲು ಹೊರಟೆವು. ಕೇಂದ್ರ ಸಂಪುಟ 2015ರಲ್ಲಿ ಒಪ್ಪಿತು, ಕಾಡು ಮತ್ತು ನೀರಿನ ಭಯದಿಂದ ಸ್ಥಳೀಯರು ಎದ್ದು ನಿಂತರು, ಯೋಜನೆ ಅಲ್ಲೇ ಕೂತಿದೆ. ಅವರ ಆತಂಕವನ್ನು ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳ, ಧೂಳು ಕುಡಿದವರು ಹಗುರವಾಗಿ ತಳ್ಳಿಹಾಕಲಾರರು. ಆದರೆ ಕೆಜಿಎಫ್‌ನಲ್ಲಿ ಆಗಲೇ ತೋಡಿದ ಗುಂಡಿಗೆ ಹೊಸ ಕಾಡು ಕಡಿಯಬೇಕಿಲ್ಲ. ನೀರು ಎತ್ತುವ ಖರ್ಚು ಮಾತ್ರ ದೊಡ್ಡದು, ವರ್ಷ ಕಳೆದಂತೆ ಬೆಳೆಯುವಂಥದು. ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಕರ್ನಾಟಕ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ದಿಬ್ಬದ ಕಡತ ತೆರೆದವರು ಪಕ್ಕದ ಶಾಫ್ಟಿನ ಕಡತವನ್ನೂ ಒಮ್ಮೆ ತಿರುವಿ, ಆ ಖರ್ಚಿನ ಲೆಕ್ಕವನ್ನಾದರೂ ಹಾಕಬಹುದಲ್ಲ?