ಲಸಿಕೆ ತನಿಖೆ: ಕೇಳಿದ್ದು ಎರಡು ಪ್ರಶ್ನೆ



"ಲಸಿಕೆ ಸುರಕ್ಷತೆ: ತನಿಖೆಗೆ ಒತ್ತಾಯ" ಎಂಬ ಸುದ್ದಿಯನ್ನು ನಾವು ಹತ್ತು ಸೆಕೆಂಡಿನಲ್ಲಿ ಓದಿ ಮುಗಿಸುತ್ತೇವೆ. ಅಷ್ಟರಲ್ಲಿ ನಿಮ್ಮ ಮನೆಯಲ್ಲಿ ಯಾರೋ "ಹಾಗಾದ್ರೆ ನಮ್ಮ ಹುಡುಗಿಗೆ ಹಾಕಿಸೋದೇ ಬೇಡ" ಎಂದುಬಿಟ್ಟಿರುತ್ತಾರೆ. ತನಿಖೆ ಬೇಕೆಂದವರು ಕೇಳಿದ್ದೇನು, ಕೊನೆಗೆ ಸಿಕ್ಕ ಉತ್ತರವೇನು? ಹೈದರಾಬಾದಿನ ಕೇಳುಗರಿಗೆ ನೆನಪಿರಬಹುದಾದ ಖಮ್ಮಂ ಪ್ರಕರಣವನ್ನೇ ನೋಡೋಣ.

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ಶುರುವಾಯಿತು. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಲಸಿಕೆ ಇದು. ನಡೆಸಿದ್ದು ಅಮೆರಿಕದ ಪಾಥ್ ಸಂಸ್ಥೆ, ಜೊತೆಗೆ ಐಸಿಎಂಆರ್ ಮತ್ತು ಆಯಾ ರಾಜ್ಯ ಸರ್ಕಾರಗಳು. ಲಸಿಕೆಯನ್ನು ತಯಾರಿಸಿದ ಕಂಪನಿಗಳೇ ಉಚಿತವಾಗಿ ಕೊಟ್ಟಿದ್ದವು.

ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡರು. ಮಹಿಳಾ ಸಂಘಟನೆಗಳು ಖಮ್ಮಂಗೆ ಹೋಗಿ ವಿಚಾರಿಸಿದವು. ರಾಜ್ಯಸಭಾ ಸದಸ್ಯೆ ಬೃಂದಾ ಕಾರಟ್ ದನಿಗೂಡಿಸಿದರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿ ತನಿಖಾ ಸಮಿತಿ ನೇಮಿಸಿತು.

ಮೊದಲ ಪ್ರಶ್ನೆ: ಲಸಿಕೆಯಿಂದ ಸತ್ತರೇ? ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಕೀಟನಾಶಕ ಕುಡಿದ ಪ್ರಕರಣವಿತ್ತು, ಮಲೇರಿಯಾ ಇತ್ತು. ಈ ಸಾವುಗಳಿಗೂ ಲಸಿಕೆಗೂ ಸಂಬಂಧ ಇರುವಂತಿಲ್ಲ ಎಂದಿತು ಸಮಿತಿ.

ಎರಡನೆಯದು: ಮಕ್ಕಳಿಗೆ ಚುಚ್ಚುವ ಮೊದಲು ಕೇಳಿದ್ದು ಯಾರನ್ನು? ಇಲ್ಲಿ ಸಿಕ್ಕ ಉತ್ತರ ಓದಿದರೆ ಕಸಿವಿಸಿಯಾಗುತ್ತದೆ. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು! ಬುಡಕಟ್ಟಿನ ಬಡ ಹುಡುಗಿಯರೇ ಹೆಚ್ಚಾಗಿದ್ದ ಹಾಸ್ಟೆಲ್‌ಗಳವು. ಊರಿನಲ್ಲಿದ್ದ ತಂದೆ ತಾಯಿಗೆ ವಿಷಯ ತಿಳಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅಡ್ಡಪರಿಣಾಮವಾದರೆ ಗಮನಿಸುವ ಸರಿಯಾದ ವ್ಯವಸ್ಥೆಯೂ ಇರಲಿಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಪಾಥ್ ಮತ್ತು ಐಸಿಎಂಆರ್ ಎರಡನ್ನೂ ತರಾಟೆಗೆ ತೆಗೆದುಕೊಂಡಿತು.

ಜನರ ಬಾಯಲ್ಲಿ ಉಳಿದದ್ದು ಮಾತ್ರ "ಆ ಲಸಿಕೆಯಿಂದ ಏಳು ಜನ ಸತ್ತರಂತೆ" ಎಂಬ ಒಂದೇ ಮಾತು. ತಪ್ಪು ನಡೆದದ್ದು ಕಾಗದದಲ್ಲಿ, ಅಪವಾದ ಹೊತ್ತದ್ದು ಸೀಸೆ. ಇದರಲ್ಲಿ ನಮ್ಮಂಥ ಸುದ್ದಿ ಓದುವವರ ಪಾಲೂ ಇದೆ ಅನ್ನಿ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಹೆಂಗಸರು ಗರ್ಭಕೊರಳಿನ ಕ್ಯಾನ್ಸರಿನಿಂದ ಸಾಯುತ್ತಾರೆ.

ಇನ್ನೊಂದು ವಿಚಿತ್ರ ಕೇಳಿ. 2010ರ ಆ ಆದೇಶ ಬಂದಾಗ ಪುಣೆ, ಬಾರ್ಶಿ ಮೊದಲಾದ ಕಡೆ ಇದೇ ಲಸಿಕೆಯ ಬೇರೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಎಷ್ಟೋ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಅವರನ್ನು ಗಮನಿಸುತ್ತ ಬಂದಾಗ ಒಂದು ಡೋಸ್ ಕೂಡ ಚೆನ್ನಾಗಿಯೇ ರಕ್ಷಿಸುತ್ತದೆ ಎಂದು ಕಂಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕೆಂದು ಒಪ್ಪಿದಾಗ ಈ ಹುಡುಗಿಯರ ಲೆಕ್ಕವೂ ಆಧಾರವಾಗಿತ್ತು. ಅದೇ ವರ್ಷ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆಗೆ ಅನುಮತಿ ಸಿಕ್ಕಿತು.

ಮಗಳ ಶಾಲಾ ಬ್ಯಾಗಿನಲ್ಲಿ ಒಪ್ಪಿಗೆ ಪತ್ರ ಬಂದರೆ ಅದನ್ನು ಪೂರ್ತಿ ಓದಿ. ಯಾವ ಲಸಿಕೆ, ಎಷ್ಟು ಡೋಸ್, ಆಮೇಲೆ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಟೀಚರನ್ನು ಕೇಳಿಯೇ ಸಹಿ ಹಾಕಿ.