ಶಾಸನದ ಚಿತ್ರ: ಕ್ಯಾಮೆರಾದಿಂದ ಸಂಗ್ರಹದವರೆಗೆ

ದೊಡ್ಡಬಳ್ಳಾಪುರದ ಸುತ್ತಮುತ್ತ ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ಶಾಸನದ ಕಲ್ಲುಗಳನ್ನೂ ವೀರಗಲ್ಲುಗಳನ್ನೂ ನೀವು ನೋಡಿರಬಹುದು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳೂ ಸೇರಿವೆ. ಆಗ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕಿತ್ತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಆರಂಭಿಸಿತು. ಅಂಥ ಯಂತ್ರವಿಲ್ಲದ ಶಾಲೆಯೂ ಒಂದು ಸಾಧಾರಣ ಕ್ಯಾಮೆರಾದಿಂದ ತನ್ನ ಊರಿನ ಕಲ್ಲುಗಳನ್ನು ದಾಖಲಿಸಬಹುದು. ಹೊಲಗಳು ಬಡಾವಣೆಗಳಾಗುತ್ತಿರುವ ಈ ಭಾಗದಲ್ಲಿ ಕಲ್ಲು ಕಣ್ಮರೆಯಾದರೆ ಉಳಿಯುವುದು ಚಿತ್ರವೊಂದೇ. ಆದುದರಿಂದ ಚಿತ್ರವನ್ನು ತಿದ್ದುವ ಕೆಲಸಕ್ಕೆ ಒಂದು ಕ್ರಮ ಬೇಕು. ಈ ಕ್ರಮದ ಹಿಂದಿರುವ ಭೌತವಿಜ್ಞಾನ ಸರಳವಾದುದು.

ಬೆಳಕೇ ಮೊದಲ ತಿದ್ದುಪಡಿ

ಎರಡು ಮಿಲಿಮೀಟರ್ ಆಳದ ಅಕ್ಷರವೊಂದನ್ನು ಊಹಿಸಿಕೊಳ್ಳಿ. ಬೆಳಕು ಕಲ್ಲಿನ ಮೈಗೆ 60 ಡಿಗ್ರಿ ಕೋನದಲ್ಲಿ ಬಿದ್ದರೆ ಅಕ್ಷರದ ಅಂಚಿನ ನೆರಳು ಸುಮಾರು 1.2 ಮಿ.ಮೀ. ಮಾತ್ರ. ಕೋನ 20 ಡಿಗ್ರಿಗೆ ಇಳಿದರೆ ನೆರಳು 5.5 ಮಿ.ಮೀ. ಆಗುತ್ತದೆ, ಅಕ್ಷರದ ತೋಡು ಕಪ್ಪಾಗಿ ಎದ್ದು ಕಾಣುತ್ತದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತನ್ನು ಆರಿಸಿಕೊಳ್ಳಿ, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿ. ಕಲ್ಲಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಒಂದು ಬೂದು ಬಣ್ಣದ ರಟ್ಟನ್ನೂ ಇಡುವುದನ್ನು ಮರೆಯಬೇಡಿ.

ಬೆಳಕು ಕಡಮೆಯಾದರೆ ಆಗುವ ನಷ್ಟವನ್ನು ಕಂಪ್ಯೂಟರ್ ತುಂಬಿಕೊಡಲಾರದು. ಸಂವೇದಕದ ಒಂದು ಪಿಕ್ಸೆಲ್ 10,000 ಫೋಟಾನುಗಳನ್ನು ಎಣಿಸಿದರೆ ಆ ಎಣಿಕೆಯ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100. ಇದು ಶೇಕಡಾ 1. ಕೇವಲ 100 ಫೋಟಾನುಗಳಾದರೆ ಏರುಪೇರು 10, ಅಂದರೆ ಶೇಕಡಾ 10. ನಂತರ ಚಿತ್ರವನ್ನು ಬೆಳಗಿಸಿದರೆ ಈ ಏರುಪೇರೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಚಿತ್ರದಲ್ಲಿ ಕಾಣುವ ಕಾಳುಕಾಳು ಇದೇ.

ಮೂಲವನ್ನು ಮುಟ್ಟಬೇಡಿ

ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ 256 ಮಟ್ಟಗಳಿರುತ್ತವೆ. ಕ್ಯಾಮೆರಾದ ರಾ ಕಡತದಲ್ಲಿ ಸಾಮಾನ್ಯವಾಗಿ 12 ಬಿಟ್, 4096 ಮಟ್ಟಗಳು, ಇಲ್ಲವೇ 14 ಬಿಟ್, 16,384 ಮಟ್ಟಗಳು. ಸೌಲಭ್ಯವಿದ್ದರೆ ರಾ ರೂಪದಲ್ಲೇ ತೆಗೆಯಿರಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸೂಕ್ಷ್ಮ ವಿವರಗಳನ್ನು ಬಿಟ್ಟುಕೊಡುತ್ತದೆ. ಅದನ್ನು ತೆರೆದು, ತಿದ್ದಿ, ಉಳಿಸಿದಾಗಲೆಲ್ಲ ಮತ್ತಷ್ಟು ವಿವರ ಹೋಗುತ್ತದೆ.

ತಿದ್ದುಪಡಿ ಹೇಗೆ ಹಿಂದಿರುಗಿಸಲಾಗದ ನಷ್ಟವಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಬೆಲೆ 180 ಮತ್ತು 220 ಇರಲಿ. ಚಿತ್ರವನ್ನು 1.5 ಪಟ್ಟು ಬೆಳಗಿಸಿದರೆ 270 ಮತ್ತು 330 ಆಗಬೇಕು. ಆದರೆ ಗರಿಷ್ಠ ಬೆಲೆ 255. ಎರಡೂ ಅಲ್ಲಿಗೇ ನಿಲ್ಲುತ್ತವೆ. ಉಳಿಸಿದ ಮೇಲೆ ಮತ್ತೆ 1.5ರಿಂದ ಭಾಗಿಸಿದರೆ ಎರಡೂ 170. ನಡುವಿನ ವ್ಯತ್ಯಾಸ ಅಳಿಸಿಹೋಯಿತು. ಆ ವ್ಯತ್ಯಾಸವೇ ಸವೆದ ಅಕ್ಷರದ ಒಂದು ಗೀರಾಗಿದ್ದರೆ? ‘ಪ’ ಮತ್ತು ‘ಷ’ಗಳನ್ನು ಬೇರ್ಪಡಿಸುವುದು ಒಂದು ಚಿಕ್ಕ ಗೀರು ಮಾತ್ರ.

ಆದುದರಿಂದ ಮೂಲವನ್ನು ಬದಲಿಸದೆ, ಮಾಡಬೇಕಾದ ತಿದ್ದುಪಡಿಗಳ ಪಟ್ಟಿಯನ್ನು ಮಾತ್ರ ಬೇರೆಯಾಗಿ ಉಳಿಸಿಕೊಳ್ಳುವ ತಂತ್ರಾಂಶ ಒಳ್ಳೆಯದು. ಡಾರ್ಕ್‌ಟೇಬಲ್, ರಾಥೆರಪಿ ಇಂಥವು. ಎರಡೂ ಉಚಿತವಾಗಿ ದೊರೆಯುತ್ತವೆ.

ಕೆಲಸದ ಕ್ರಮ

1. ಪ್ರತಿ ಮಾಡುವುದು: ಮನೆಗೆ ಬಂದ ಕೂಡಲೇ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಅನಂತರವೇ ಕ್ಯಾಮೆರಾದ ಕಾರ್ಡನ್ನು ಅಳಿಸಿ.

2. ಹೆಸರಿಡುವುದು: ದಿನಾಂಕ, ಊರು, ಕಲ್ಲಿನ ಸಂಖ್ಯೆ, ಚಿತ್ರದ ಸಂಖ್ಯೆ, ಇದೇ ಅನುಕ್ರಮದಲ್ಲಿ. ವರ್ಷವನ್ನು ಮೊದಲು ಬರೆದರೆ ಕಡತಗಳು ಕಾಲಾನುಕ್ರಮದಲ್ಲಿ ತಾವೇ ಜೋಡಣೆಯಾಗುತ್ತವೆ.

3. ಆರಿಸುವುದು: ಮಸುಕಾದವನ್ನು, ಒಂದೇ ಬಗೆಯವನ್ನು ತಿದ್ದುವ ಸಾಲಿನಿಂದ ಹೊರಗಿಡಿ.

4. ಬಿಳಿಯ ಸಮತೋಲ: ಬೂದು ರಟ್ಟಿನ ಮೇಲೆ ಕೆಂಪು 100, ಹಸಿರು 120, ನೀಲಿ 80 ಎಂದು ಬಂದಿದ್ದರೆ, ಕೆಂಪನ್ನು 1.2ರಿಂದ, ನೀಲಿಯನ್ನು 1.5ರಿಂದ ಗುಣಿಸಿದಾಗ ಮೂರೂ ಸಮವಾಗುತ್ತವೆ. ಊರಿನ ಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆಯ ಬಣ್ಣ ಚಿತ್ರದಲ್ಲಿ ಬೇರೆಯಾಗಿ ಕಾಣುವುದಕ್ಕೂ ಈ ಸಮತೋಲ ತಪ್ಪುವುದು ಒಂದು ಮುಖ್ಯ ಕಾರಣ.

5. ಬೆಳಕು, ಆಮೇಲೆ ವೈದೃಶ್ಯ: ಹಿಸ್ಟೋಗ್ರಾಮ್ ನೋಡುತ್ತ ತಿದ್ದಿ. ಅದು ಯಾವ ತುದಿಗೂ ಒತ್ತಿ ನಿಲ್ಲಬಾರದು.

6. ಕಾಳು ತೆಗೆಯುವುದು, ಕೊನೆಯಲ್ಲಿ ಮೊನಚು ಮಾಡುವುದು: ಈ ಅನುಕ್ರಮವನ್ನು ತಿರುವಿದರೆ ಕಾಳೂ ಮೊನಚಾಗುತ್ತದೆ. ಮೊನಚು ಅತಿಯಾದರೆ ಅಕ್ಷರದ ಅಂಚಿನಲ್ಲಿ ಕಲ್ಲಿನಲ್ಲಿಲ್ಲದ ಬಿಳಿಗೆರೆ ಹುಟ್ಟಿಕೊಳ್ಳುತ್ತದೆ.

ಸಮಯದ ಲೆಕ್ಕ

ಎಂಟು ಕಲ್ಲುಗಳ 200 ಚಿತ್ರಗಳಿವೆ ಎನ್ನೋಣ. ಪ್ರತಿಯೊಂದಕ್ಕೆ 4 ನಿಮಿಷದಂತೆ ಎಲ್ಲವನ್ನೂ ತಿದ್ದಿದರೆ 800 ನಿಮಿಷ, ಅಂದರೆ 13 ಗಂಟೆಗಳ ಮೇಲೆ. ಬದಲಿಗೆ ಪ್ರತಿ ಚಿತ್ರಕ್ಕೆ 5 ಸೆಕೆಂಡು ಕೊಟ್ಟು ಕಲ್ಲಿಗೆ 5ರಂತೆ 40 ಚಿತ್ರಗಳನ್ನು ಆರಿಸಿ. ಇದಕ್ಕೆ ಸುಮಾರು 17 ನಿಮಿಷ. ಪ್ರತಿ ಕಲ್ಲಿನ ಒಂದು ಚಿತ್ರವನ್ನು ಮಾತ್ರ ಪೂರ್ತಿ ತಿದ್ದಿ: 32 ನಿಮಿಷ. ಅದೇ ಬೆಳಕಿನಲ್ಲಿ ತೆಗೆದ ಉಳಿದ 32ಕ್ಕೆ ಆ ತಿದ್ದುಪಡಿಗಳ ಪಟ್ಟಿಯನ್ನೇ ಅನ್ವಯಿಸಿ, ಒಂದೊಂದು ನಿಮಿಷ ಪರಿಶೀಲಿಸಿ: ಮತ್ತೆ 32 ನಿಮಿಷ. ಒಟ್ಟು 81 ನಿಮಿಷ! ಮಿಗುವ ಹೊತ್ತನ್ನು ಶಾಸನ ಓದುವುದಕ್ಕೆ ಬಳಸಬಹುದು.

ಒಂದು ಎಚ್ಚರಿಕೆ

ಇಂದಿನ ಕೆಲವು ತಂತ್ರಾಂಶಗಳು ಕೃತಕ ಬುದ್ಧಿಮತ್ತೆಯಿಂದ ಮಸುಕಾದ ಭಾಗವನ್ನು ‘ಸ್ಪಷ್ಟ’ಗೊಳಿಸುತ್ತವೆ. ಅವು ತೋರಿಸುವುದು ಊಹೆಯನ್ನು. ಕಲ್ಲಿನಿಂದ ಬಂದ ಬೆಳಕನ್ನಲ್ಲ. ಮದುವೆಯ ಚಿತ್ರಕ್ಕೆ ಅದು ಒಪ್ಪಬಹುದು, ದಾಖಲೆಗೆ ಒಪ್ಪದು. ಚಿತ್ರದ ಎಲ್ಲ ಪಿಕ್ಸೆಲ್‌ಗಳಿಗೂ ಒಂದೇ ನಿಯಮದಂತೆ ಅನ್ವಯಿಸುವ, ಬರೆದಿಡಬಹುದಾದ ತಿದ್ದುಪಡಿಗಳನ್ನಷ್ಟೇ ಮಾಡಿ. ಓದಲಾಗದ ಅಕ್ಷರ ಓದಲಾಗದಂತೆಯೇ ಉಳಿಯಲಿ. ಮುಂದೆ ಹೆಚ್ಚು ಬಲ್ಲವರು ಅದನ್ನು ಓದಿಯಾರು.

ತರಗತಿಯಲ್ಲಿ ಹೀಗೆ ಮಾಡಿನೋಡಿ. ಕತ್ತಲ ಕೋಣೆಯಲ್ಲಿ ಒಂದು ನಾಣ್ಯವನ್ನಿಟ್ಟು, ಟಾರ್ಚಿನ ಬೆಳಕನ್ನು 60, 40, 20 ಡಿಗ್ರಿ ಕೋನಗಳಲ್ಲಿ ಬೀರಿ ಮೂರು ಚಿತ್ರ ತೆಗೆಯಿರಿ. ಮೊದಲನೆಯದನ್ನು ಕಂಪ್ಯೂಟರಿನಲ್ಲಿ ಎಷ್ಟೇ ತಿದ್ದಿದರೂ ಮೂರನೆಯದಕ್ಕೆ ಸಮವಾಗುತ್ತದೆಯೇ ಎಂದು ವಿದ್ಯಾರ್ಥಿಗಳೇ ಪರೀಕ್ಷಿಸಲಿ.